ತೊಟ್ಟಿಲು ಕಟ್ಟುವ ಮುಂಚೆ ಕೆಂಚನಿಗೆ ಪಾಠ

ಅಂತರಸಂತೆಯಲ್ಲಿ ನಾಯಿ ಸಾಕಿದವರಿಗೆ ಹೊತ್ತು ಮುಳುಗಿದ ಮೇಲೆ ಒಂದು ಕೆಲಸ ಹೆಚ್ಚು. ದನ ಕಟ್ಟಿ, ಕೋಳಿ ಮುಚ್ಚಿ, ಆಮೇಲೆ ನಾಯಿಯನ್ನೂ ಒಳಗೆ ಕೂಡಬೇಕು. ಮೈಸೂರಿನಿಂದ ಮಾನಂದವಾಡಿಗೆ ಹೋಗುವ ರಸ್ತೆಯಲ್ಲಿ ಹ್ಯಾಂಡ್‌ಪೋಸ್ಟ್ ದಾಟಿ ಬಂದರೆ ಸಿಗುವ ಊರು ನಮ್ಮದು. ಇನ್ನೂ ಸ್ವಲ್ಪ ಮುಂದೆ ಹೋದರೆ ಕಬಿನಿಯ ಹಿನ್ನೀರು, ನಾಗರಹೊಳೆಯ ಕಾಡು. ಆ ಕಾಡಿನ ಒಂದು ವಲಯಕ್ಕೆ ನಮ್ಮೂರಿನದೇ ಹೆಸರು. ಹುಲಿ, ಆನೆ ನೋಡಲು ದೂರದಿಂದ ಜನ ದುಡ್ಡು ಕೊಟ್ಟು ಬರುತ್ತಾರೆ. ನಾಯಿ ಸಾಕಿದ ನಮಗೆ ಅವೆರಡಕ್ಕಿಂತ ಚಿರತೆಯ ಚಿಂತೆಯೇ ಹೆಚ್ಚು. ಬೇರೆ ಕಡೆ ನಾಯಿ ಮನೆ ಕಾಯುತ್ತದೆ. ನಮ್ಮಲ್ಲಿ ರಾತ್ರಿ ಹೊತ್ತು ಮನೆಯೇ ನಾಯಿಯನ್ನು ಕಾಯಬೇಕು.

ಇದು ನಮ್ಮೂರಿನವರ ಬರಿಯ ಹೆದರಿಕೆಯಲ್ಲ. ಮಹಾರಾಷ್ಟ್ರದ ಅಕೋಲೆ ತಾಲ್ಲೂಕಿನಲ್ಲಿ ವಿದ್ಯಾ ಅತ್ರೇಯ ಮತ್ತು ಸಂಗಡಿಗರು ಊರುಗಳ ಆಸುಪಾಸಿನ ಚಿರತೆಗಳ ಹಿಕ್ಕೆ ಪರೀಕ್ಷಿಸಿ, ಅವು ಏನು ತಿನ್ನುತ್ತವೆಂದು ಲೆಕ್ಕ ಹಾಕಿದ್ದರು. ಆಹಾರದಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಸಾಕುನಾಯಿ, ಬೀದಿನಾಯಿಗಳದೇ ಆಗಿತ್ತು. ತೂಕದ ಲೆಕ್ಕದಲ್ಲಿ ನೂರಕ್ಕೆ 39 ಪಾಲು. ಕುರಿ, ಮೇಕೆಗಳಿಗಿಂತ ನಾಯಿಯೇ ಮುಂದು.

ನಮ್ಮ ಮನೆಯ ಕೆಂಚನಿಗೆ ಈಗ ಏಳು ವರ್ಷ. ಜಾತಿನಾಯಿಯಲ್ಲ; ನಾನು ಪಾಠ ಹೇಳುತ್ತಿದ್ದ ಶಾಲೆಯ ಹಿಂದಿನ ಮೋರಿಯಲ್ಲಿ ಹುಟ್ಟಿ, ಮಧ್ಯಾಹ್ನದ ಬಿಸಿಯೂಟದ ಸಾರನ್ನ ತಿಂದು ಬೆಳೆದ ಮರಿ. ರಾತ್ರಿ ಅವನು ಮಲಗುತ್ತಿದ್ದದ್ದು ನಡುಮನೆಯಲ್ಲಿ, ನನ್ನ ಮಗಳ ಕೋಣೆಯ ಬಾಗಿಲಿಗೆ ಅಡ್ಡವಾಗಿ. ಅವಳು ಮದುವೆಯಾಗಿ ಕೃಷ್ಣರಾಜನಗರದ ಕಡೆ ಹೋದ ಮೇಲೂ ಆ ಜಾಗ ಬಿಡಲಿಲ್ಲ. ಹೋದ ವರ್ಷ ಆಷಾಢದಲ್ಲಿ ಮಗಳು ಬಸುರಿ ಎಂದು ತಿಳಿಯಿತು. ಚೊಚ್ಚಲ ಹೆರಿಗೆ ತವರಿನಲ್ಲಿ ತಾನೆ? ಬಾಣಂತನದ ಕೋಣೆ ಯಾವುದೆಂದು ಕೇಳುವ ಅಗತ್ಯವೇ ಇರಲಿಲ್ಲ, ಅದೇ ಕೋಣೆ. ಅದರ ಬಾಗಿಲಲ್ಲಿ ಕೆಂಚ.

ಬೀಗಿತ್ತಿಯವರು ವಿಷಯವನ್ನು ನೇರವಾಗಿಯೇ ಎತ್ತಿದರು. ‘ನೋಡ್ರಕ್ಕ, ತಪ್ಪು ತಿಳ್ಕೋಬೇಡಿ. ಕೂಸು ಇರೋ ಮನೇಲಿ ಆ ಪ್ರಾಣಿ ಬೇಡ. ಎಲ್ಲಾದ್ರೂ ಬಿಟ್ಬಿಡಿ. ಇಲ್ದಿದ್ರೆ ಬಾಣಂತನ ನಮ್ಮನೇಲೇ ಆಗ್ಲಿ’ ಎಂದರು. ಅವರ ಕಡೆ ನಾಯಿ ಜಗಲಿಯ ಮೇಲೆ ಮಲಗುತ್ತದೆ, ಒಳಗೆ ಬರುವ ಪ್ರಶ್ನೆಯೇ ಇಲ್ಲ. ಇತಿಹಾಸದ ಮೇಷ್ಟ್ರಾಗಿ ನಿವೃತ್ತರಾದ ನಮ್ಮ ಯಜಮಾನರು ಸಮಯ ಸಂದರ್ಭ ನೋಡದೆ ಆತಕೂರಿನ ಶಾಸನ ತೆಗೆದರು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕ್ರಿ.ಶ. 949–50ರಲ್ಲಿ ಹಾಕಿಸಿದ ವೀರಗಲ್ಲು ಅದು. ಮಣಲೇರನೆಂಬ ವೀರನ ಸಾಹಸ ಮೆಚ್ಚಿ ರಾಷ್ಟ್ರಕೂಟರ ಮೂರನೆಯ ಕೃಷ್ಣ ‘ಬೇಕಾದ್ದು ಕೇಳು’ ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಕಾಡುಹಂದಿಯೊಡನೆ ಹೋರಾಡಿ, ಹಂದಿಯನ್ನೂ ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿದರು. ಅದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬೀಗಿತ್ತಿಯವರು ಪೂರ್ತಿ ಕೇಳಿಸಿಕೊಂಡು, ‘ಅದು ಹಂದಿ ಜೊತೆ ಕಾದಾಡಿದ್ದು ಅಣ್ಣಾವ್ರೆ, ಎಳೆಕೂಸಿನ ಜೊತೆ ಇದ್ದದ್ದಲ್ಲ’ ಎಂದರು. ಉತ್ತರ ಕೊಡುವಂತಿರಲಿಲ್ಲ.

‘ಬಿಟ್ಟುಬಿಡುವುದು’ ಎಂದರೇನೆಂದು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು. ಬೀದಿಯ ಆಟೋ ಹುಡುಗನೊಬ್ಬ ಅದೇ ದಿನ ಬಂದ: ‘ಗೋಣಿಚೀಲಕ್ಕೆ ಹಾಕ್ಕೊಡಿ ಟೀಚರಮ್ಮ, ಕಾಡಂಚಿಗೆ ಬುಟ್ಬುಟ್ಟು ಬತ್ತೀನಿ.’ ಮನೆಯ ಅನ್ನ ತಿಂದು ಬೆಳೆದ ನಾಯಿ ಅಲ್ಲಿ ಎಷ್ಟು ರಾತ್ರಿ ಕಳೆದೀತು? ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಯಿಂದ ನರಳುವಂತೆ ಬಿಟ್ಟುಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಕಾಡಿಗೂ ಅದು ಒಳ್ಳೆಯದಲ್ಲ. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ, ನಾಯಿಗಳಿಗೆ ಬರುವ ಡಿಸ್ಟೆಂಪರ್ ರೋಗದ ವೈರಸ್ ಅಲ್ಲಿ ಪತ್ತೆಯಾಗಿತ್ತು. ಹೊರಗೆ ಕಟ್ಟಿದರೆ ಚಿರತೆ, ಒಳಗೆ ಬಿಟ್ಟರೆ ಮಗು. ನಮ್ಮ ಸಂಕಟ ಇದು.

ಆ ವಾರವೆಲ್ಲ ನನಗೆ ಮುಂಗುಸಿಯ ಕಥೆಯೇ ತಲೆಯಲ್ಲಿ ಸುತ್ತುತ್ತಿತ್ತು. ಪಂಚತಂತ್ರದ ಈ ಕಥೆ ಗೊತ್ತಿಲ್ಲದ ಮಕ್ಕಳಿಲ್ಲ. ತೊಟ್ಟಿಲ ಮಗುವನ್ನು ಸಾಕಿದ ಮುಂಗುಸಿಯ ಬಳಿ ಬಿಟ್ಟು ತಾಯಿ ನೀರಿಗೆ ಹೋಗುತ್ತಾಳೆ, ಹಾವು ಬರುತ್ತದೆ, ಮುಂಗುಸಿ ಅದನ್ನು ಕೊಲ್ಲುತ್ತದೆ, ಬಾಯಿಯ ರಕ್ತ ಕಂಡ ತಾಯಿ ಮುಂಗುಸಿಯನ್ನೇ ಕೊಲ್ಲುತ್ತಾಳೆ. ದೂರದ ವೇಲ್ಸ್ ದೇಶದಲ್ಲೂ ಇದೇ ಕಥೆಯುಂಟು. ಅಲ್ಲಿ ಮುಂಗುಸಿಯ ಬದಲು ಗೆಲರ್ಟ್ ಎಂಬ ನಾಯಿ, ಹಾವಿನ ಬದಲು ತೋಳ. ಬೆಡ್‌ಗೆಲರ್ಟ್ ಎಂಬ ಊರಿನಲ್ಲಿ ಆ ನಾಯಿಯ ಸಮಾಧಿ ಎಂದು ಒಂದು ಕಲ್ಲನ್ನೂ ತೋರಿಸುತ್ತಾರೆ. ಮೂವತ್ತು ವರ್ಷ ಈ ಕಥೆ ಹೇಳಿ ‘ದುಡುಕಬಾರದು’ ಎಂಬ ನೀತಿಯನ್ನು ಕಪ್ಪುಹಲಗೆಯ ಮೇಲೆ ಬರೆಸಿದವಳು ನಾನು. ಅಜ್ಜಿಯಾಗುವ ಕಾಲದಲ್ಲಿ ಬೇರೊಂದು ಪ್ರಶ್ನೆ ಬಂತು. ತೊಟ್ಟಿಲ ಹತ್ತಿರ ದೊಡ್ಡವರು ಒಬ್ಬರಾದರೂ ಏಕೆ ಇರಲಿಲ್ಲ? ಮುಂಗುಸಿ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಆಮೇಲಿನದು. ಮಗು ಕಾಯುವ ಕೆಲಸವನ್ನು ಅದಕ್ಕೆ ವಹಿಸಿದವರು ಯಾರು?

ಇದನ್ನೇ ಬೀಗಿತ್ತಿಯವರಿಗೆ ಹೇಳಿದೆ. ಕೆಂಚ ಒಳ್ಳೆಯವನು, ಏನೂ ಮಾಡುವುದಿಲ್ಲ ಎಂದು ನಾನು ಮಾತು ಕೊಡುವುದಿಲ್ಲ. ಯಾವ ನಾಯಿಯ ಪರವಾಗಿಯೂ ಹಾಗೆ ಮಾತು ಕೊಡಲಾಗದು. ಆದರೆ ಅವನೂ ಮಗುವೂ ಒಂದು ಕ್ಷಣ ಕೂಡ ಒಂಟಿಯಾಗಿ ಒಂದೆಡೆ ಇರುವುದಿಲ್ಲ, ಆ ಮಾತು ಕೊಡುತ್ತೇನೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ದೀಪಾವಳಿಗೆ ಬಂದು ನೋಡ್ತೀನಿ’ ಎಂದರು. ತನಿಖೆಗೆ ಇನ್‌ಸ್ಪೆಕ್ಟರು ಬರುವ ದಿನ ಗೊತ್ತಾದ ಶಾಲೆಯಂತಾಯಿತು ನಮ್ಮ ಮನೆ.

ಮೊದಲು ಹೋದದ್ದು ಪಶು ಆಸ್ಪತ್ರೆಗೆ. ಅಲ್ಲಿನ ಡಾಕ್ಟರು ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿ, ಜಂತುಹುಳುವಿನ ಮಾತ್ರೆ ಕೊಟ್ಟು, ಮೂರು ತಿಂಗಳಿಗೊಮ್ಮೆ ಮಾತ್ರೆ ತಪ್ಪಿಸಬೇಡಿ ಎಂದರು. ನಾಯಿಯ ಕರುಳಿನ ಹುಳುವಿನ ಮೊಟ್ಟೆ ಮಲದ ಮೂಲಕ ಮಣ್ಣಿಗೆ ಸೇರಿ ಕೆಲವು ವಾರಗಳಲ್ಲಿ ಬಲಿಯುತ್ತದೆಯಂತೆ. ಮಣ್ಣು ಬಾಯಿಗಿಡುವ ವಯಸ್ಸಿನ ಮಗುವಿನ ಹೊಟ್ಟೆಗೆ ಅದು ಹೋದರೆ ಮರಿಹುಳು ಯಕೃತ್ತು, ಶ್ವಾಸಕೋಶ, ಒಮ್ಮೊಮ್ಮೆ ಕಣ್ಣಿನವರೆಗೂ ಹೋಗಬಹುದು. ನಾಯಿ ಹೇತದ್ದನ್ನು ಅಂದಂದೇ ಎತ್ತಿ ಹೂಳುವುದು ಯಜಮಾನರ ಪಾಲಿಗೆ ಬಂತು. ಉಣ್ಣೆ ಕೀಳುವುದು ನನ್ನ ಪಾಲು.

ಡಾಕ್ಟರು ಹೇಳಿದ ಇನ್ನೊಂದು ಮಾತು ನನಗೆ ಮೇಷ್ಟ್ರ ಮಾತಿನಂತೆ ಕೇಳಿಸಿತು. ನಾಯಿಗೆ ಮಗುವಿನ ಮೇಲೆ ಹೊಟ್ಟೆಕಿಚ್ಚು ಎಂದು ಜನ ಹೇಳುತ್ತಾರೆ. ಅದಕ್ಕೆ ಅರ್ಥವಾಗುವುದು ಇಷ್ಟೇ: ಈ ಹೊಸ ವಾಸನೆ ಮನೆಗೆ ಬಂದ ದಿನವೇ ನನ್ನ ಜಾಗ ಹೋಯಿತು, ಬೈಗುಳ ಶುರುವಾಯಿತು. ಆದ್ದರಿಂದ ಅವನಿಂದ ಏನೇನು ಕಿತ್ತುಕೊಳ್ಳಬೇಕೋ ಅದನ್ನೆಲ್ಲ ಮಗು ಬರುವುದಕ್ಕೆ ಎರಡು ಮೂರು ತಿಂಗಳು ಮೊದಲೇ, ನಿಧಾನವಾಗಿ ಕಿತ್ತುಕೊಳ್ಳಿ. ಆಗ ಆ ನಷ್ಟವನ್ನು ಅವನು ಮಗುವಿನ ಲೆಕ್ಕಕ್ಕೆ ಬರೆಯುವುದಿಲ್ಲ ಎಂದರು. ಹೊಸ ಪಾಠ ಶುರು ಮಾಡುವ ದಿನವೇ ಹುಡುಗನಿಗೆ ಹೊಡೆದರೆ ಅವನು ದ್ವೇಷಿಸುವುದು ಆ ಪಾಠವನ್ನು. ಇದನ್ನು ನಾನು ತರಗತಿಗಳಲ್ಲಿ ಬೇಕಾದಷ್ಟು ಕಂಡಿದ್ದೇನೆ.

ಮೊದಲು ಹೋಗಬೇಕಾದದ್ದು ಮಲಗುವ ಜಾಗ. ಕೊಟ್ಟಿಗೆಯ ಒಂದು ಮೂಲೆಯನ್ನು ಗಟ್ಟಿಮಾಡಿಸಿದೆವು. ಸುತ್ತ ಕಬ್ಬಿಣದ ಜಾಲರಿ, ಮೇಲೂ ಜಾಲರಿ, ಒಳಗಿನಿಂದ ಕೈ ಹಾಕಲಾಗದ ಚಿಲಕ. ದಸರೆ ಕಳೆದ ಮಾರನೆಯ ದಿನದಿಂದ ಸಂಜೆಯ ಮುದ್ದೆ ಅಲ್ಲೇ. ಮೊದಲು ಉಂಡು ಹೊರಗೆ ಬರುತ್ತಿದ್ದ; ಆಮೇಲೆ ಅರ್ಧ ಗಂಟೆ, ಆಮೇಲೆ ಒಂದು ಗಂಟೆ. ಮೊದಲ ಪೂರ್ತಿ ರಾತ್ರಿ ಅವನು ಊಳಿಟ್ಟದ್ದಕ್ಕೆ ಬೀದಿಯವರೆಲ್ಲ ಎದ್ದಿದ್ದರು. ಯಜಮಾನರು ಮೂರು ರಾತ್ರಿ ಕೊಟ್ಟಿಗೆಯಲ್ಲೇ ಹಗ್ಗದ ಮಂಚ ಹಾಕಿಕೊಂಡು ಮಲಗಿದರು. ನಾಲ್ಕನೆಯ ರಾತ್ರಿ ಕೆಂಚ ಮಲಗಿದ, ಇವರಿಗೆ ಸೊಂಟ ಹಿಡಿದುಕೊಂಡಿತು.

ಬಾಣಂತಿ ಕೋಣೆಯ ಬಾಗಿಲಿಗೆ ನಾಲ್ಕೂವರೆ ಅಡಿ ಎತ್ತರದ ಬಿದಿರಿನ ಅಡ್ಡಗೇಟು ಕೂರಿಸಿದೆವು. ಬಾಗಿಲು ಮುಚ್ಚಿಬಿಟ್ಟರೆ ಒಳಗೇನೋ ಗುಟ್ಟಿದೆಯೆಂದು ನಾಯಿ ಕೆರೆಯುತ್ತದೆ. ಗೇಟಿನ ಸಂದಿಯಲ್ಲಿ ನೋಡಬಹುದು, ಮೂಸಬಹುದು, ಒಳಗೆ ಬರುವಂತಿಲ್ಲ. ಜೊತೆಗೆ ಎರಡೇ ಮಾತು ಕಲಿಸಿದೆವು: ‘ಕೂತ್ಕೊ’, ‘ಹಿಂದಕ್ಕೆ’. ಮಾತು ಕೇಳಿದರೆ ಒಂದು ಚೂರು ಒಣಮೀನು. ಮನೆಯಲ್ಲಿ ನಾಲ್ಕು ಜನ ನಾಲ್ಕು ಥರ ಹೇಳಿದರೆ ನಾಯಿಗೆ ಏನು ತಿಳಿದೀತು? ಅಡುಗೆಮನೆಯ ಗೋಡೆಗೆ ಆ ಎರಡು ಮಾತನ್ನು ಬರೆದು ಅಂಟಿಸಿದ್ದೆ, ಯಜಮಾನರಿಗಾಗಿ.

ಅಳುವಿನ ಪಾಠ ತಮಾಷೆಯದು. ಅಣ್ಣನ ಮಗ ಯಾರದೋ ಮನೆಯ ಹಸುಗೂಸಿನ ಅಳುವನ್ನು ಮೊಬೈಲಿನಲ್ಲಿ ಹಿಡಿದು ತಂದ. ಮೊದಲ ಸಲ ಅದನ್ನು ಹಾಕಿದಾಗ ಕೆಂಚ ಬೀರುವಿನ ಹಿಂದೆಲ್ಲ ಹುಡುಕಿದ. ತೀರ ಸಣ್ಣ ದನಿಯಲ್ಲಿಟ್ಟು, ಅಳು ಕೇಳುವಾಗೆಲ್ಲ ಅವನಿಗೆ ಏನಾದರೂ ತಿನ್ನಲು ಕೊಡುತ್ತ, ವಾರಕ್ಕಿಷ್ಟು ಎಂದು ದನಿ ಹೆಚ್ಚಿಸಿದೆವು. ಪಕ್ಕದ ಮನೆಯ ಅಜ್ಜಿ ಬೇಲಿಯಾಚೆಯಿಂದ ಕೂಗಿ ಕೇಳಿತು: ‘ಹೆರಿಗೆ ಆಗೋಯ್ತಾ ಟೀಚರಮ್ಮ?’

ತೂಗುವ ಜೋಲಿಯ ವಿಷಯ ಮಾತ್ರ ತಮಾಷೆಯದಲ್ಲ. ಅಲುಗಾಡುವ ವಸ್ತು ಕಂಡರೆ ಹಾರುವುದು ನಾಯಿಯ ಸ್ವಭಾವ. ಸೀರೆಯ ಜೋಲಿ ತೂಗುವುದೂ ಅದರ ಮೂತಿಯ ಮಟ್ಟದಲ್ಲೇ. ತೊಲೆಗೆ ಸೀರೆ ಕಟ್ಟಿ, ಒಳಗೊಂದು ಬೂದುಗುಂಬಳಕಾಯಿ ಇಟ್ಟು, ದಿನವೂ ತೂಗಿದೆ. ಕೆಂಚ ಗೇಟಿನಾಚೆ ನಿಂತು ಬೊಗಳಿದ, ಕುಣಿದ. ಹದಿನೈದು ದಿನಕ್ಕೆ ಬೇಸರ ಬಂದು ಆಕಳಿಸಿದ. ನಮಗೆ ಬೇಕಾಗಿದ್ದದ್ದು ಆ ಆಕಳಿಕೆಯೇ. ಆಮೇಲೆ ಆ ಕುಂಬಳಕಾಯಿಯನ್ನೇ ಟವೆಲಿನಲ್ಲಿ ಸುತ್ತಿ, ಎತ್ತಿಕೊಂಡು ಮನೆಯೆಲ್ಲ ಓಡಾಡಿದೆ. ಕಂಡವರು ನಕ್ಕರು. ಜೋಲಿಯನ್ನು ಕೊನೆಗೆ ಎದೆಮಟ್ಟಕ್ಕಿಂತ ಕೆಳಗೆ ಕಟ್ಟಲಿಲ್ಲ ಎನ್ನುವುದನ್ನೂ ಹೇಳಿಬಿಡುತ್ತೇನೆ. ಪಾಠ ಎಷ್ಟೇ ಚೆನ್ನಾಗಿ ಒಪ್ಪಿಸಿದರೂ ಪರೀಕ್ಷೆಗೆ ಮೇಲ್ವಿಚಾರಕರು ಬೇಕೇ ಬೇಕು.

ದೀಪಾವಳಿಗೆ ಬೀಗಿತ್ತಿಯವರು ಬಂದರು. ಗೇಟು ಅಲುಗಿಸಿ ನೋಡಿದರು, ಜಾಲರಿ ಎಳೆದು ನೋಡಿದರು, ಚುಚ್ಚುಮದ್ದಿನ ಕಾರ್ಡನ್ನು ಮಗನಿಂದ ಓದಿಸಿದರು. ಸೊಸೆಯನ್ನು ಬಿಟ್ಟುಹೋಗುವಾಗ ‘ಕೂಸಿನ ಮೊಕ ನೆಕ್ಕೋಕೆ ಬಿಡಬೇಡಿ’ ಎಂದಷ್ಟೇ ಹೇಳಿದರು. ಅದು ಸರಿಯಾದ ಮಾತು.

ಸಂಕ್ರಾಂತಿ ಕಳೆದ ವಾರ ಮೈಸೂರಿನಲ್ಲಿ ಗಂಡುಮಗುವಾಯಿತು. ಅದಕ್ಕೆ ಸುತ್ತಿದ್ದ ಬಟ್ಟೆಯೊಂದನ್ನು ಯಜಮಾನರು ಅಂದೇ ಬಸ್ಸಿನಲ್ಲಿ ಊರಿಗೆ ತಂದರು. ಕೈಯಲ್ಲಿ ಹಿಡಿದು, ದೂರದಿಂದಲೇ ಕೆಂಚನಿಗೆ ಮೂಸಲು ಕೊಟ್ಟರು. ಕಚ್ಚಿ ಆಡಲು ಕೊಡಲಿಲ್ಲ. ಮಗು ಬರುವ ದಿನ ಆರತಿ, ನೆಂಟರ ಗದ್ದಲದ ಹೊತ್ತಿಗೆ ಅವನನ್ನು ಅಣ್ಣನ ಮಗ ಕೆರೆಯ ಕಡೆ ಸುತ್ತಾಡಿಸಿ, ದಣಿಸಿಕೊಂಡು ಬಂದ. ಎಲ್ಲ ತಣ್ಣಗಾದ ಮೇಲೆ ಮಗಳು ಮಗುವನ್ನು ನನ್ನ ಕೈಗೆ ಕೊಟ್ಟು, ಬರಿಗೈಯಲ್ಲಿ ಹಿತ್ತಲಿಗೆ ಹೋದಳು. ಮೂರು ತಿಂಗಳಿಂದ ಮನೆಯಲ್ಲಿದ್ದವಳು ಐದು ದಿನ ಕಾಣದೆ ಹೋಗಿದ್ದಳಲ್ಲ, ಅವನ ಸಂಭ್ರಮ ಹೇಳತೀರದು. ಅದು ಮುಗಿದು ಅವನು ಕೂತ ಮೇಲೆ, ಹಗ್ಗ ಯಜಮಾನರ ಕೈಯಲ್ಲಿರುವಾಗ, ಹತ್ತಡಿ ದೂರದಲ್ಲಿ ನಾನು ಮಗುವನ್ನು ಎತ್ತಿಕೊಂಡು ನಿಂತೆ. ಮೂಗು ಮೇಲೆತ್ತಿ ಗಾಳಿ ಹಿಡಿದ. ಬಜೆ, ಸಾಂಬ್ರಾಣಿ, ಬೆಳ್ಳುಳ್ಳಿ, ಹಾಲು. ಬಟ್ಟೆಯಲ್ಲಿದ್ದ ವಾಸನೆ. ಬಾಲ ಎರಡು ಸಲ ಆಡಿತು, ಆಮೇಲೆ ಅವನ ಗಮನ ಒಣಮೀನಿನ ಡಬ್ಬಿಯ ಕಡೆ ಹೋಯಿತು. ಪತ್ರಿಕೆಗೆ ಬರೆಯುವಂಥ ದೃಶ್ಯವೇನೂ ಆಗಲಿಲ್ಲ.

ಬಾಣಂತನದ ಮೂರು ತಿಂಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳು, ಅವರ ತಮ್ಮ ತಂಗಿಯರು ಮಗು ನೋಡಲು ಬರುತ್ತಿದ್ದರು. ಬಂದವರಿಗೆಲ್ಲ ಗೇಟಿನ ಬಳಿ ಒಂದು ಪಾಠ ಆಗಿಯೇ ಆಗುತ್ತಿತ್ತು. ಅದನ್ನು ಇಲ್ಲಿ ಓದುವ ಮಕ್ಕಳಿಗೂ ಹೇಳಬೇಕು. ನಾಯಿ ಕಚ್ಚುವ ಮೊದಲು ಸಾಮಾನ್ಯವಾಗಿ ಹೇಳಿಯೇ ಹೇಳುತ್ತದೆ. ಮುಖ ತಿರುಗಿಸುತ್ತದೆ, ತುಟಿ ನೆಕ್ಕಿಕೊಳ್ಳುತ್ತದೆ, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುತ್ತದೆ, ಮೈ ಬಿಗಿ ಹಿಡಿದು ಅಲುಗಾಡದೆ ನಿಲ್ಲುತ್ತದೆ, ಕೊನೆಗೆ ಗುರುಗುಟ್ಟುತ್ತದೆ. ಬಾಲ ಆಡಿದರೆಲ್ಲ ಪ್ರೀತಿಯಲ್ಲ. ಗುರುಗುಟ್ಟಿದ್ದಕ್ಕೆ ಹೊಡೆಯುವ ಅಪ್ಪಂದಿರಿದ್ದಾರೆ. ಹೊಡೆತ ತಿಂದ ನಾಯಿ ಗುರುಗುಟ್ಟುವುದನ್ನು ಬಿಡುತ್ತದೆ, ಕಚ್ಚುವುದನ್ನಲ್ಲ. ಮುಂದಿನ ಸಲ ಅದು ಹೇಳದೆ ಕಚ್ಚುತ್ತದೆ.

ಹುಚ್ಚು ಹಿಡಿದಿರಬಹುದಾದ ಪ್ರಾಣಿಗಳಿಂದ ಕಚ್ಚಿಸಿಕೊಂಡವರಲ್ಲಿ ನೂರಕ್ಕೆ 40ರಷ್ಟು ಮಂದಿ 15 ವರ್ಷದೊಳಗಿನ ಮಕ್ಕಳು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೈಗುಳಕ್ಕೆ ಹೆದರಿ ಮಕ್ಕಳು ಕಚ್ಚಿದ್ದನ್ನು ಮನೆಯಲ್ಲಿ ಮುಚ್ಚಿಡುತ್ತಾರೆ. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು. ಸುಣ್ಣ, ಮೆಣಸಿನಪುಡಿ, ಕಾಫಿಪುಡಿ ಏನನ್ನೂ ಮೆತ್ತದೆ ಅಂದೇ ಆಸ್ಪತ್ರೆಗೆ ಹೋಗಬೇಕು. ನನ್ನ ಚಿಕ್ಕಂದಿನಲ್ಲಿ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂದರೆ ಊರೇ ನಡುಗುತ್ತಿತ್ತು. ಆ ಹಳೆಯ ಲಸಿಕೆ 2005ರ ಹೊತ್ತಿಗೆ ನಮ್ಮ ದೇಶದಲ್ಲಿ ನಿಂತುಹೋಯಿತು. ಈಗಿನದು ತೋಳಿಗೆ ಹಾಕುವ ಕೆಲವೇ ಚುಚ್ಚುಮದ್ದು. ಗಾಯ ಆಳವಾಗಿದ್ದರೆ ಅದರ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಎಂಬ ಇನ್ನೊಂದು ಔಷಧಿಯನ್ನೂ ಕೊಡುತ್ತಾರೆ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮಾತ್ರ ಬದುಕಿಸುವುದು ಹೆಚ್ಚುಕಡಿಮೆ ಅಸಾಧ್ಯ. ಮನೆಯ ನಾಯಿಯಾದರೂ ಅಷ್ಟೇ, ಬೀದಿಯದಾದರೂ ಅಷ್ಟೇ.

ಮಗು ಐದನೆಯ ತಿಂಗಳಿಗೆ ಅಪ್ಪನ ಮನೆಗೆ ಹೋಗಿ, ಗೌರಿ ಹಬ್ಬಕ್ಕೆ ತಿರುಗಿ ಬಂತು. ಬೀಗಿತ್ತಿಯವರೂ ಜೊತೆಗೆ ಬಂದಿದ್ದರು. ಹೋಗುವಾಗ ಮಲಗಿದಲ್ಲೇ ಇದ್ದ ಕೂಸು ಈಗ ಅಂಬೆಗಾಲಿಡುವ ಪುಂಡ. ಕೆಂಚನ ಪಾಲಿಗೆ ಇದು ಹಳೆಯ ಮಗುವಲ್ಲ, ನೆಲದ ಮೇಲೆ ತನ್ನ ಎತ್ತರದಲ್ಲೇ ಬರುವ ಹೊಸದೇ ಒಂದು ಪ್ರಾಣಿ. ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಯಿತು: ಹಗ್ಗ, ಹತ್ತಡಿ, ಒಣಮೀನು. ಹಬ್ಬದ ಮಾರನೆಯ ಮಧ್ಯಾಹ್ನ ಪಡಸಾಲೆಯಲ್ಲಿ ಎಲ್ಲರೂ ಕುಳಿತಿದ್ದೆವು. ಕೆಂಚ ಗೋಡೆಯ ಬುಡದಲ್ಲಿ ಮಲಗಿದ್ದ, ಹಗ್ಗದ ತುದಿ ನನ್ನ ಕಾಲಡಿಯಲ್ಲಿತ್ತು. ಮಗು ಅವನ ಕಡೆಗೆ ಹೊರಟಿತು. ಅವನು ಮೊದಲು ಮುಖ ಆಚೆ ತಿರುಗಿಸಿದ, ತುಟಿ ನೆಕ್ಕಿಕೊಂಡ. ನಾನು ಏಳುವಷ್ಟರಲ್ಲಿ ಸಣ್ಣಗೆ ಗುರ್ ಎಂದ. ಇನ್ನೂ ಎರಡು ಮೊಳ ದೂರವಿದ್ದ ಮಗುವನ್ನು ನಾನು ಎತ್ತಿಕೊಂಡೆ. ಕೆಂಚ ತಾನಾಗಿಯೇ ಎದ್ದು, ನನ್ನ ಹಿಂದಿನಿಂದ ಹಾದು ಹಿತ್ತಲಿನ ಬಾಗಿಲ ಬಳಿ ಹೋಗಿ ನಿಂತ.

ಪಡಸಾಲೆಯಲ್ಲಿ ಉಸಿರು ಬಿಡುವ ಶಬ್ದವೂ ಇಲ್ಲ. ಯಜಮಾನರು ಪೊರಕೆ ಎತ್ತಿಕೊಂಡಿದ್ದರು. ‘ಇಡಿ ಕೆಳಗೆ’ ಎಂದದ್ದು ನಾನಲ್ಲ, ಬೀಗಿತ್ತಿಯವರು. ‘ಅದು ಬೇಡ ಅಂತ ಬಾಯಿಬಿಟ್ಟು ಹೇಳ್ತು. ಹೇಳಿದ್ದಕ್ಕೆ ಹೊಡೀತಾರಾ?’ ಗೇಟಿನ ಬಳಿ ನಾನು ಮಕ್ಕಳಿಗೆ ಹೇಳುತ್ತಿದ್ದ ಪಾಠವನ್ನು ಬಾಣಂತಿಯನ್ನು ನೋಡಲು ಬಂದಾಗಲೆಲ್ಲ ಅವರು ಕೇಳಿಸಿಕೊಂಡಿದ್ದರೆಂದು ಆಗ ಗೊತ್ತಾಯಿತು. ಅಂದಿನಿಂದ ಮಗು ನೆಲದ ಮೇಲಿದ್ದರೆ ಕೆಂಚ ಜಾಲರಿಯ ಒಳಗೆ, ಕೆಂಚ ಹೊರಗಿದ್ದರೆ ಮಗು ಯಾರದಾದರೂ ಕಂಕುಳಲ್ಲಿ. ಊಟದ ತಟ್ಟೆ ಕೊಟ್ಟಿಗೆಯಲ್ಲೇ, ಮಗುವಿನ ಕಣ್ಣಿಗೂ ಬೀಳದಂತೆ. ಮಗು ನಡೆಯುವ ಹೊತ್ತಿಗೆ ಈ ಕಾಯಿದೆಯನ್ನು ಮತ್ತೆ ತಿದ್ದಬೇಕಾಗುತ್ತದೆ.

ಹೋದ ವಾರ ಬೀಗಿತ್ತಿಯವರು ಫೋನ್ ಮಾಡಿದ್ದರು. ನಮ್ಮ ಬಿದಿರಿನ ಗೇಟು ಮಾಡಿಕೊಟ್ಟವನ ನಂಬರು ಬೇಕಂತೆ. ‘ನಾಯಿ ತಂದ್ರಾ ಅಕ್ಕ?’ ಎಂದೆ ಆಸೆಯಿಂದ.

‘ಎಲ್ಲಿ ನಾಯಿ? ನಿಮ್ಮ ಮೊಮ್ಮಗ ಅಡುಗೆಮನೆಗೆ ನುಗ್ಗಿ ರಾಗಿಹಿಟ್ಟು ಚೆಲ್ತಾನೆ. “ಹಿಂದಕ್ಕೆ” ಅಂದ್ರೂ ಕೇಳಲ್ಲ.’

ಅಳತೆ ಕೇಳಿದರು. ನಮ್ಮದು ನಾಲ್ಕೂವರೆ ಅಡಿ, ನಿಮ್ಮ ಮನೆಗೆ ಎರಡೂವರೆ ಅಡಿ ಸಾಕು ಎಂದು ಹೇಳಿ ನಂಬರು ಕೊಟ್ಟೆ.